ಎರಡು ನಿಮಿಷದ ಪಾತ್ರ ಸಿಕ್ಕಿದ ಅಳಿಯನಿಗೆ

ಲೆಕ್ಸಿಂಗ್ಟನ್, ಕೆಂಟಕಿ, ಅಮೆರಿಕ

ಚಿ. ಪುಟ್ಟನಿಗೆ ನಿನ್ನ ಸೋದರತ್ತೆಯ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ.

ನಿನ್ನ ಉದ್ದನೆಯ ಸಂದೇಶ ಓದಿದೆ. ಫೋನಿನಲ್ಲಿ ಉತ್ತರ ಹೇಳಲು ಹೊರಟರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ದನಿ ಏರಿಸುತ್ತೇನೆ, ಕೊನೆಗೆ ನಿನ್ನ ಅಮ್ಮ ಇಬ್ಬರನ್ನೂ ಬೈಯುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ಮೂವತ್ತೈದು ತುಂಬಿತು, ಧಾರಾವಾಹಿಯಲ್ಲಿ ಇನ್ನೂ ಇನ್‌ಸ್ಪೆಕ್ಟರನ ಹಿಂದೆ ಲಾಠಿ ಹಿಡಿದು ನಿಲ್ಲುವ ಪೇದೆಯಾಗಿಯೇ ಇದ್ದೇನೆ, ಈಗ ಸಿನಿಮಾದಲ್ಲಿ ಸಿಕ್ಕಿರುವ ಎರಡು ನಿಮಿಷದ ಕಂಡಕ್ಟರ್ ಪಾತ್ರವನ್ನು ಒಪ್ಪಿಕೊಳ್ಳಲೋ, ಎಲ್ಲ ಬಿಟ್ಟು ಭಾವನ ಅಂಗಡಿಯಲ್ಲಿ ಲೆಕ್ಕ ಬರೆಯಲೋ ಎಂದು ಕೇಳಿದ್ದೀಯ.

ಇಂಥ ಹೊತ್ತಿನಲ್ಲಿ ದೊಡ್ಡ ತಾರೆಯರ ಕಷ್ಟದ ದಿನಗಳ ಕಥೆ ಹೇಳುವವರು ನಿನ್ನ ಸುತ್ತ ಬೇಕಾದಷ್ಟು ಇರುತ್ತಾರೆ. ನಾನು ತಾರೆಯಾಗದೆಯೇ ತೊಂಬತ್ತೊಂದು ವರ್ಷ ಬದುಕಿದವನೊಬ್ಬನ ಸಂಗತಿ ಹೇಳುತ್ತೇನೆ. ಹೆಸರು ಹ್ಯಾರಿ ಡೀನ್ ಸ್ಟ್ಯಾಂಟನ್. ನಮ್ಮ ಊರಿನಿಂದ ಆಗ್ನೇಯಕ್ಕೆ ಕಾರಿನಲ್ಲಿ ಒಂದು ಗಂಟೆ ಹೋದರೆ ಕೆಂಟಕಿ ನದಿಯ ದಂಡೆಯಲ್ಲಿ ಅರ್ವಿನ್ ಸಿಗುತ್ತದೆ; ಅದಕ್ಕೆ ಅಂಟಿಕೊಂಡ ವೆಸ್ಟ್ ಅರ್ವಿನ್‌ನಲ್ಲಿ 1926ರ ಜುಲೈ 14ರಂದು ಹುಟ್ಟಿದವನು. ಅಪ್ಪ ತಂಬಾಕು ಬೆಳೆಯುತ್ತಿದ್ದ, ಕ್ಷೌರವನ್ನೂ ಮಾಡುತ್ತಿದ್ದ. ತಂಬಾಕಿನ ಎಲೆ ತೂಗುಹಾಕಿ ಒಣಗಿಸುವ ಎತ್ತರದ ಮರದ ಕೊಟ್ಟಿಗೆಗಳು ಕಪ್ಪು ಬಣ್ಣ ಬಳಿದುಕೊಂಡು ಈ ಸೀಮೆಯಲ್ಲಿ ಈಗಲೂ ನಿಂತಿವೆ, ನೀನು ಬಂದಾಗ ತೋರಿಸುತ್ತೇನೆ. ಎರಡನೆಯ ಮಹಾಯುದ್ಧದಲ್ಲಿ ಅವನು ನೌಕಾಪಡೆ ಸೇರಿ, ಟ್ಯಾಂಕುಗಳನ್ನು ದಡಕ್ಕಿಳಿಸುವ ಹಡಗಿನಲ್ಲಿ ಅಡುಗೆಯವನಾಗಿದ್ದ. ಓಕಿನಾವಾ ಕಾಳಗವನ್ನು ಅಲ್ಲಿಂದಲೇ ಕಂಡ. ತಿರುಗಿ ಬಂದು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ, ರೇಡಿಯೊ ಎಂದು ಓದಲು ಸೇರಿದ. ಅಲ್ಲಿ ನಾಟಕದ ರುಚಿ ಹತ್ತಿತು. ಡಿಗ್ರಿ ಅರ್ಧಕ್ಕೇ ಬಿಟ್ಟು ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ಪ್ಲೇಹೌಸ್ ಎಂಬ ನಾಟಕಶಾಲೆಗೆ ಹೋದ. (ಈ ಭಾಗವನ್ನು ನಿನ್ನ ಅಪ್ಪನಿಗೆ ಓದಿ ಹೇಳಬೇಡ.)

1950ರ ದಶಕದ ನಡುವಿನಿಂದ ಕ್ಯಾಮೆರಾ ಮುಂದೆ ಬಂದ. ಟಿ.ವಿ.ಯಲ್ಲಿ ಆಗ 'ಗನ್‌ಸ್ಮೋಕ್'ನಂಥ ಕುದುರೆ–ಕೋವಿಯ ಧಾರಾವಾಹಿಗಳ ಕಾಲ. ಬಡಕಲು ಮೈ, ಕುಳಿಬಿದ್ದ ಕೆನ್ನೆ, ನಿದ್ದೆಗೆಟ್ಟಂಥ ಕಣ್ಣು. ಸಿಕ್ಕಿದ್ದೆಲ್ಲ ಕಳ್ಳ, ಕೈದಿ, ಪುಂಡರ ಗುಂಪಿನ ಮೂರನೆಯವ. ಹೆಸರು ಕೂಡ ಪೂರ್ತಿ ತನ್ನದಾಗಿರಲಿಲ್ಲ: ಹ್ಯಾರಿ ಸ್ಟ್ಯಾಂಟನ್ ಎಂಬ ಇನ್ನೊಬ್ಬ ನಟನಿದ್ದ ಕಾರಣ ಬಹುಕಾಲ ಬರಿಯ ಡೀನ್ ಸ್ಟ್ಯಾಂಟನ್ ಎಂದೇ ತೆರೆಯ ಮೇಲೆ ಬರುತ್ತಿತ್ತು. 1967ರ 'ಕೂಲ್ ಹ್ಯಾಂಡ್ ಲ್ಯೂಕ್'ನಲ್ಲಿ ಪಾಲ್ ನ್ಯೂಮನ್ ಜೊತೆಗಿನ ಕೈದಿಗಳಲ್ಲಿ ಒಬ್ಬ. 1974ರ 'ಗಾಡ್‌ಫಾದರ್' ಎರಡನೆಯ ಭಾಗದಲ್ಲಿ ಸಾಕ್ಷಿಯನ್ನು ಕಾಯುವ ಎಫ್‌ಬಿಐನವನು, ಅಂದರೆ ಕೇಂದ್ರ ತನಿಖಾ ದಳದವನು. ಆಗ ಅವನಿಗೆ ನಲವತ್ತೆಂಟು. ನೀನು ನನಗೆ ಮೂವತ್ತೈದರ ಲೆಕ್ಕ ಹೇಳುತ್ತೀಯ.

ನಿನಗೆ ಮುಖ್ಯವಾಗಬೇಕಾದ ಸಂಗತಿ ಈ ಎರಡು ಚಿತ್ರಗಳಿಗೂ ಮುಂಚಿನದು. ಜ್ಯಾಕ್ ನಿಕಲ್ಸನ್ ಇವನ ಗೆಳೆಯ, ಒಂದು ಕಾಲಕ್ಕೆ ಇಬ್ಬರೂ ಒಂದೇ ಮನೆಯಲ್ಲಿದ್ದವರು. ನಿಕಲ್ಸನ್ ಇನ್ನೂ ಹೆಸರು ಮಾಡದಿದ್ದಾಗ 'ರೈಡ್ ಇನ್ ದ ವರ್ಲ್‌ವಿಂಡ್' ಎಂಬ ಸಣ್ಣ ಬಜೆಟ್ಟಿನ ಚಿತ್ರಕ್ಕೆ ಕಥೆ ಬರೆದು, ದರೋಡೆಕೋರರ ನಾಯಕನ ಪಾತ್ರವನ್ನು ಇವನಿಗೆಂದು ಇಟ್ಟ. ಜೊತೆಗೆ ಒಂದು ಷರತ್ತು ಹಾಕಿದ: ಏನೂ ಮಾಡಕೂಡದು, ಪಾತ್ರವನ್ನು ಉಡುಪಿಗೆ ಬಿಟ್ಟು ನೀನು ನೀನಾಗಿಯೇ ಇರಬೇಕು ಎಂದು. ತನ್ನ ನಟನೆ ಬದಲಾದದ್ದು ಅಲ್ಲಿಂದ ಎಂದು ಸ್ಟ್ಯಾಂಟನ್ ವಯಸ್ಸಾದ ಮೇಲೂ ಹೇಳುತ್ತಿದ್ದ.

ನೀನು ಕಳಿಸಿದ ತುಣುಕನ್ನು ಈ ಕಣ್ಣಿನಿಂದ ನೋಡಿದೆ. ಇನ್‌ಸ್ಪೆಕ್ಟರ್ ಮಾತಾಡುತ್ತಿರುವಾಗ ನೀನು ಹುಬ್ಬೇರಿಸುತ್ತೀಯ, ತಲೆಯಾಡಿಸುತ್ತೀಯ, ಲಾಠಿಯನ್ನು ಅಂಗೈಗೆ ಬಡಿದುಕೊಳ್ಳುತ್ತೀಯ. ನಾನೂ ಇದ್ದೇನೆ ನೋಡಿ ಎನ್ನುವ ಆತುರ ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ. ಆ ಪೇದೆ ಬೆಳಗಿನಿಂದ ನಿಂತಿದ್ದಾನೆ, ಬೂಟು ಕಚ್ಚುತ್ತಿದೆ, ಈ ಮನೆಯ ಸೊಸೆಯ ಒಡವೆ ಯಾರು ಕದ್ದರೂ ಅವನಿಗೇನು? ಅವನು ಯಾಕೆ ಹುಬ್ಬೇರಿಸಬೇಕು?

'ಏಲಿಯನ್' ಎಂಬ 1979ರ ಚಿತ್ರ ಹಾಕಿಕೊಂಡು ನೋಡು. ಸ್ಟ್ಯಾಂಟನ್ ಅಲ್ಲಿ ಬ್ರೆಟ್, ಅಂತರಿಕ್ಷ ನೌಕೆಯ ಯಂತ್ರ ರಿಪೇರಿಯವನು. ಜೊತೆಯವನು ಏನು ಹೇಳಿದರೂ 'ಸರಿ' ಎನ್ನುವುದು ಅವನ ಚಾಳಿ. ತಪ್ಪಿಸಿಕೊಂಡ ಬೆಕ್ಕನ್ನು ಹುಡುಕುತ್ತ, ಸರಪಳಿಗಳು ಜೋತುಬಿದ್ದ ದೊಡ್ಡ ಕೋಣೆಗೆ ಬರುತ್ತಾನೆ. ಮೇಲಿನಿಂದ ನೀರು ತೊಟ್ಟಿಕ್ಕುತ್ತಿದೆ. ಟೋಪಿ ತೆಗೆದು, ಮುಖ ಮೇಲೆತ್ತಿ, ಸುಮ್ಮನೆ ಆ ನೀರಿಗೆ ಒಡ್ಡಿಕೊಳ್ಳುತ್ತಾನೆ. ಹೆದರಿಕೆಯ ಚಿತ್ರದ ನಟ್ಟನಡುವೆ, ದುಡಿದು ಬೆವರಿದ ಆಳೊಬ್ಬ ಅರೆಗಳಿಗೆ ಹಾಯೆನಿಸಿಕೊಳ್ಳುತ್ತಾನೆ. ಸ್ವಲ್ಪ ಹೊತ್ತಿಗೆ ಅವನ ಕಥೆ ಮುಗಿಯುತ್ತದೆ. ಆದರೆ ಸತ್ತವನು ಯಾರೋ ಒಬ್ಬ ಅನ್ನಿಸುವುದಿಲ್ಲ, ನಾವು ಬಲ್ಲವನು ಅನ್ನಿಸುತ್ತದೆ.

ಇಷ್ಟು ಹೇಳಿದೆನೆಂದು, ಸಿಕ್ಕಿದ್ದರಲ್ಲೇ ತೃಪ್ತಿಪಟ್ಟುಕೊಂಡು ಬಾಯಿ ಮುಚ್ಚಿಕೊಂಡಿರು ಎಂದು ನಾನು ಉಪದೇಶಿಸುತ್ತಿದ್ದೇನೆ ಎಂದುಕೊಳ್ಳಬೇಡ. ಸ್ಟ್ಯಾಂಟನ್ ಅಂಥ ಸಾಧುವಲ್ಲ. 1983ರಲ್ಲಿ ಸ್ಯಾಂಟಾ ಫೇ ಊರಿನ ಬಾರಿನಲ್ಲಿ ನಾಟಕಕಾರ ಸ್ಯಾಮ್ ಶೆಪರ್ಡ್ ಎದುರಿಗೆ ಕುಳಿತಾಗ, ಇಂಥ ಪಾತ್ರ ಮಾಡಿ ಮಾಡಿ ಬೇಸತ್ತಿದ್ದೇನೆ, ಒಂದಿಷ್ಟು ಚೆಲುವು, ಸೂಕ್ಷ್ಮತೆ ಇರುವುದನ್ನು ಮಾಡಬೇಕೆಂದಿದೆ ಎಂದು ನೇರವಾಗಿ ಹೇಳಿಬಿಟ್ಟ. ಜರ್ಮನಿಯ ನಿರ್ದೇಶಕ ವಿಮ್ ವೆಂಡರ್ಸ್‌ಗಾಗಿ ಬರೆಯುತ್ತಿದ್ದ ಚಿತ್ರದ ನಾಯಕನ ಪಾತ್ರಕ್ಕೆ ಶೆಪರ್ಡ್ ತನ್ನನ್ನೇ ಯೋಚಿಸುತ್ತಿದ್ದಾನೆ ಎಂಬ ಸುಳಿವು ಇವನಿಗಿರಲಿಲ್ಲ. ಸ್ವಲ್ಪ ಕಾಲದ ಮೇಲೆ ಫೋನ್ ಬಂತು. ಹಾಗೆ ಐವತ್ತೇಳರ ವಯಸ್ಸಿನಲ್ಲಿ 'ಪ್ಯಾರಿಸ್, ಟೆಕ್ಸಾಸ್' ಚಿತ್ರದ ನಾಯಕನಾದ. ನೀನು ನಿನ್ನ ಆಸೆಯನ್ನು ನನಗೆ ಹೇಳುತ್ತೀಯ, ನಿನ್ನ ಅಮ್ಮನಿಗೆ ಹೇಳುತ್ತೀಯ. ನಾವಿಬ್ಬರೂ ಸಿನಿಮಾ ತೆಗೆಯುವವರಲ್ಲ. ನಿನ್ನ ನಿರ್ದೇಶಕರಿಗೆ ಎಂದಾದರೂ ಹೇಳಿದ್ದೀಯಾ?

ಆ ಚಿತ್ರ 1984ರಲ್ಲಿ ಕಾನ್ ಚಿತ್ರೋತ್ಸವದ ಅತಿ ದೊಡ್ಡ ಪ್ರಶಸ್ತಿ ಗೆದ್ದಿತು. ಕೆಂಪು ಟೋಪಿ, ಧೂಳು ಹಿಡಿದ ಸೂಟು ತೊಟ್ಟು ಮರುಭೂಮಿಯಲ್ಲಿ ನಡೆದು ಬರುವವನು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಬಾಯಿಯನ್ನೇ ಬಿಡುವುದಿಲ್ಲ. ಕೊನೆಯಲ್ಲಿ ಬಿಟ್ಟುಹೋದ ಹೆಂಡತಿಯನ್ನು ಗಾಜಿನ ಆಚೆಗೆ ಕಾಣುತ್ತಾನೆ. ಅವಳಿಗೆ ಇವನು ಕಾಣುವುದಿಲ್ಲ. ಕುರ್ಚಿಯನ್ನು ತಿರುಗಿಸಿ, ಅವಳಿಗೆ ಬೆನ್ನು ಹಾಕಿ, ಫೋನಿನಲ್ಲಿ ತಮ್ಮಿಬ್ಬರ ಕಥೆಯನ್ನು ಯಾರದೋ ಕಥೆಯೆಂಬಂತೆ ಹೇಳುತ್ತ ಹೋಗುತ್ತಾನೆ. ಕಣ್ಣೀರು ಸುರಿಸಲು ಅಲ್ಲಿ ಎಷ್ಟೊಂದು ಜಾಗವಿತ್ತು! ಅವನು ದನಿಯನ್ನು ಕೂಡ ಎತ್ತುವುದಿಲ್ಲ.

ಇಷ್ಟಾದ ಮೇಲೆ ದಾರಿ ತೆರೆಯಿತು ಎಂದುಕೊಳ್ಳುತ್ತೀಯಲ್ಲವೇ? ತಾಳಿದವನು ಬಾಳಿಯಾನು ಎಂದು ಹೇಳಿ ಪತ್ರ ಮುಗಿಸಲು ನನಗೂ ಸುಲಭವಾಗುತ್ತಿತ್ತು. ಹಾಗಾಗಲಿಲ್ಲ. ಆಸ್ಕರ್‌ಗೆ ಅವನ ಹೆಸರು ಒಮ್ಮೆಯೂ ಹೋಗಲಿಲ್ಲ. 1986ರಲ್ಲಿ ಹದಿಹರೆಯದವರ ಪ್ರೇಮಕಥೆಯೊಂದರಲ್ಲಿ ಹುಡುಗಿಯ ಅಪ್ಪ. 1999ರ 'ಗ್ರೀನ್ ಮೈಲ್'ನಲ್ಲಿ ಮರಣದಂಡನೆಯ ತಾಲೀಮಿಗೆ ವಿದ್ಯುತ್ ಕುರ್ಚಿಯಲ್ಲಿ ಕೂರುವ ಕೈದಿ. ಅದೇ ವರ್ಷ ಡೇವಿಡ್ ಲಿಂಚ್ ನಿರ್ದೇಶಿಸಿದ 'ದ ಸ್ಟ್ರೇಟ್ ಸ್ಟೋರಿ'ಯಲ್ಲಿ ಒಂದೇ ಒಂದು ದೃಶ್ಯ, ಹೆಚ್ಚೂ ಕಡಿಮೆ ನಿನ್ನ ಕಂಡಕ್ಟರಿನಷ್ಟೇ.

ಆ ದೃಶ್ಯವನ್ನು ನೀನು ನೋಡಲೇಬೇಕು. ಮಾತು ಬಿಟ್ಟ ಅಣ್ಣನಿಗೆ ಲಕ್ವ ಹೊಡೆದಿದೆ ಎಂದು ತಿಳಿದ ಮುದುಕನೊಬ್ಬ ಹುಲ್ಲು ಕತ್ತರಿಸುವ ಪುಟ್ಟ ಟ್ರ್ಯಾಕ್ಟರಿನಲ್ಲಿ ಅಯೋವಾದಿಂದ ವಿಸ್ಕಾನ್ಸಿನ್‌ಗೆ ಹೊರಡುತ್ತಾನೆ. ಚಿತ್ರವಿಡೀ ಆ ದಾರಿಯೇ. ತುದಿಯಲ್ಲಿ ಅಣ್ಣ ವಾಕರ್ ಊರಿಕೊಂಡು ಹೊರಬರುತ್ತಾನೆ, ಅವನೇ ಸ್ಟ್ಯಾಂಟನ್. ಕೂರುತ್ತಾರೆ. ಅಣ್ಣ ಆ ಯಂತ್ರದ ಕಡೆ ನೋಡುತ್ತಾನೆ, ತಮ್ಮನ ಕಡೆ ನೋಡುತ್ತಾನೆ, ಇದರ ಮೇಲೆಯೇ ಬಂದೆಯಾ ಎಂದು ಕೇಳುತ್ತಾನೆ. ಕಣ್ಣು ತುಂಬುತ್ತದೆ. ಇನ್ನೊಬ್ಬ ನಟ ಎರಡು ಗಂಟೆ ಹೊತ್ತು ತಂದ ಚಿತ್ರವನ್ನು ಇಳಿಸಿಕೊಳ್ಳುವ ಕೆಲಸ ಇವನ ಪಾಲಿಗೆ ಬಂದಿತ್ತು. ಅಲ್ಲಿ ಒಂದು ಎಳೆ ಹೆಚ್ಚು ನಟಿಸಿದ್ದರೂ ಇಡೀ ಪ್ರಯಾಣ ಹಾಳಾಗುತ್ತಿತ್ತು. ಎರಡು ನಿಮಿಷ ಎಂದು ನೀನು ಮೂಗು ಮುರಿದಾಗ ನನಗೆ ನೆನಪಾದದ್ದು ಇದು.

ವಿಮರ್ಶಕ ರೋಜರ್ ಈಬರ್ಟ್ ಒಂದು ನಿಯಮವನ್ನೇ ಮಾಡಿದ್ದ: ಸ್ಟ್ಯಾಂಟನ್ ಅಥವಾ ಎಂ. ಎಮ್ಮೆಟ್ ವಾಲ್ಶ್ ಪೋಷಕ ಪಾತ್ರದಲ್ಲಿರುವ ಯಾವ ಚಿತ್ರವೂ ಪೂರ್ತಿ ಕೆಟ್ಟದಾಗಿರಲು ಸಾಧ್ಯವಿಲ್ಲ ಎಂದು. ಆಮೇಲೆ ತಾನೇ ಅದಕ್ಕೆ ಅಪವಾದ ಒಪ್ಪಿಕೊಂಡ, ಆ ಮಾತು ಬೇರೆ.

ಇನ್ನು ಹಣದ ವಿಷಯ. ಅವನಿಗೂ ನಿನಗೂ ದೊಡ್ಡ ವ್ಯತ್ಯಾಸವಿರುವುದು ಇಲ್ಲಿ. 1960ರಲ್ಲಿ ಇಲ್ಲಿನ ನಟರ ಸಂಘ ಮುಷ್ಕರ ಹೂಡಿ, ಸಿನಿಮಾ ಟಿ.ವಿ.ಯಲ್ಲಿ ಮರುಪ್ರಸಾರವಾದಾಗ ನಟರಿಗೂ ಪಾಲು ಸಿಗುವಂತೆ ಮಾಡಿಕೊಂಡಿತು. ಪಿಂಚಣಿ, ಆರೋಗ್ಯ ನಿಧಿಗಳೂ ಅದರ ಜೊತೆಗೆ ಬಂದವು. ಸಣ್ಣ ಪಾತ್ರಗಳನ್ನೇ ಮಾಡಿ ಮುದುಕರಾದವರಿಗೆ ಇಂಥ ವ್ಯವಸ್ಥೆ ಎಷ್ಟು ಆಸರೆಯಾಗುತ್ತದೆ ಎಂದು ಯೋಚಿಸು. ನಿನಗೆ ಸಿಗುವುದು ದಿನದ ಲೆಕ್ಕ, ಅದೂ ತಿಂಗಳುಗಟ್ಟಲೆ ತಡ ಎಂದು ನೀನೇ ಬರೆದಿದ್ದೀಯ. ಆದ್ದರಿಂದ ಕಲೆಯೋ ಅಂಗಡಿಯೋ ಎಂಬ ನಿನ್ನ ಪ್ರಶ್ನೆಯೇ ನನಗೆ ಸರಿ ಕಾಣಲಿಲ್ಲ. ಎರಡನ್ನೂ ಮಾಡಬಹುದು. ಬಾಡಿಗೆ ಕಟ್ಟಲು ಆಗದವನ ಮುಖದ ಮೇಲೆ ಗಾಬರಿ ಕೂತಿರುತ್ತದೆ, ಕ್ಯಾಮೆರಾಗೆ ಅದೇ ಮೊದಲು ಕಾಣುತ್ತದೆ.

ಸೆಟ್ಟಿನ ಹೊರಗೆ ಅವನಿಗೆ ಸಂಗೀತವಿತ್ತು. ಮೌತ್ ಆರ್ಗನ್, ಗಿಟಾರ್, ಮೆಕ್ಸಿಕೋದ ಹಾಡುಗಳು. ನೀನು ಸುಗಮ ಸಂಗೀತದ ಅಭ್ಯಾಸ ಬಿಟ್ಟದ್ದು ನನಗೆ ಇವತ್ತಿಗೂ ಬೇಸರ. ಅವನು ಮದುವೆಯಾಗಲಿಲ್ಲ, ಸಿಗರೇಟು ಬಿಡಲಿಲ್ಲ. ಈ ಎರಡರಲ್ಲಿ ಅವನನ್ನು ಅನುಸರಿಸಬೇಕಾದ ಅಗತ್ಯವಿಲ್ಲ.

ಎರಡನೆಯ ಸಲ ನಾಯಕನಾದದ್ದು ತೊಂಬತ್ತರ ಹತ್ತಿರ, 'ಲಕ್ಕಿ' ಎಂಬ ಚಿತ್ರದಲ್ಲಿ. ನಿರ್ದೇಶಕ ಜಾನ್ ಕ್ಯಾರಲ್ ಲಿಂಚ್ ಕೂಡ ಪೋಷಕ ಪಾತ್ರಗಳಿಂದಲೇ ಬಂದವನು, ಅದು ಅವನು ನಿರ್ದೇಶಿಸಿದ ಮೊದಲ ಚಿತ್ರ. 2017ರ ಸೆಪ್ಟೆಂಬರ್ 15ರಂದು ಸ್ಟ್ಯಾಂಟನ್ ತೀರಿಕೊಂಡ. ಎರಡು ವಾರಕ್ಕೆ ಚಿತ್ರ ಇಲ್ಲಿ ಬಿಡುಗಡೆಯಾಯಿತು.

ಕಂಡಕ್ಟರ್ ಪಾತ್ರ ಒಪ್ಪಿಕೋ. ಒಪ್ಪುವ ಮುಂಚೆ ಎಷ್ಟು ದಿನದ ಕಾಲ್‌ಶೀಟ್, ಎಷ್ಟು ಹಣ, ಯಾವ ತಾರೀಖಿಗೆ ಎಂದು ಬರೆಸಿಕೊಂಡು ಸಹಿ ಹಾಕಿಸು, ಸಂಕೋಚ ಬೇಡ. ಉಡುಪಿನವರನ್ನು ಕೇಳಿ ಖಾಕಿ ಅಂಗಿ, ಚರ್ಮದ ಚೀಲ ಮೊದಲೇ ತಂದು ಮನೆಯಲ್ಲಿ ಹಾಕಿಕೊಂಡು ಓಡಾಡು, ಚಿಲ್ಲರೆ ಎಣಿಸು. ಕೊನೆಯ ಬಸ್ ಹೋಯಿತು ಎಂದು ನಾಯಕಿಗೆ ಹೇಳುವ ಮಾತನ್ನು, ದಿನಕ್ಕೆ ಹತ್ತು ಜನಕ್ಕೆ ಹೇಳುವವನಂತೆ ಹೇಳು. ಅವಳ ದುಃಖ ಅವಳು ನೋಡಿಕೊಳ್ಳುತ್ತಾಳೆ. ಮತ್ತು ಭಾವನಿಗೆ ವಾರಕ್ಕೆ ಮೂರು ದಿನ ಬರುತ್ತೇನೆಂದು ಇವತ್ತೇ ತಿಳಿಸು; ಮಾರ್ಚ್ ಲೆಕ್ಕ ಮುಗಿಸುವ ಹೊತ್ತಿಗೆ ಅವನಿಗೂ ಜನ ಬೇಕಾಗುತ್ತದೆ.

ಇಂತು ನಿನ್ನ ಹಿತವನ್ನೇ ಬಯಸುವ
ಅತ್ತೆ