ಗಾಲ್ಯೂನ್ ಮೀನಿನ ಕರಾವಳಿಗೆ ಹೋಗುವ ಮುನ್ನ

ಚಿರಂಜೀವಿ ಮಗನಿಗೆ,

ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ನೀನು ಕೇಪ್‌ಟೌನಿನಲ್ಲಿ ಗಾಳದ ಕೋಲು ಕೊಂಡಿರುವೆಯೆಂದೂ, ಈ ತಿಂಗಳಲ್ಲೇ ಗೆಳೆಯರೊಡನೆ ಆರ್ನಿಸ್ಟನ್ ಕಡೆಗೆ ಹೋಗಿ ಬಂಡೆಗಳ ಮೇಲೆ ನಿಂತು ಗಾಲ್ಯೂನ್ ಹಿಡಿಯುವ ಮನಸ್ಸು ಮಾಡಿರುವೆಯೆಂದೂ ನಿನ್ನ ತಂದೆ ಹೇಳಿದ. ಅವನಿಗೆ ಚಿಂತೆ ಹತ್ತಿದೆ. ನನಗೆ ಚಿಂತೆಯ ಜೊತೆಗೆ ಸಂತೋಷವೂ ಆಯಿತು. ಹಡಗಿನ ಅಧಿಕಾರಿಯಾಗಿ ಆಫ್ರಿಕಾದ ಆ ತುದಿಯನ್ನು ಸುತ್ತಿ ಹೋಗುವಾಗಲೆಲ್ಲ ನಾನು ದೂರದಿಂದಲೇ ಕಂಡ ಕರಾವಳಿಯ ಮೇಲೆ ನಮ್ಮ ಮನೆಯ ಹುಡುಗನೊಬ್ಬ ಕಾಲಿಡುತ್ತಾನಲ್ಲ ಎಂದು. ಹೋಗಬೇಡ ಎನ್ನಲು ನಾನು ಈ ಪತ್ರ ಬರೆಯುತ್ತಿಲ್ಲ. ಆ ದಡಕ್ಕೆ ಹೋಗುವವನು ತಾನು ಎಲ್ಲಿ ನಿಂತಿದ್ದೇನೆ ಎಂಬುದನ್ನು ಮೊದಲು ಅರಿತಿರಬೇಕು, ಆ ಅರಿವಿಗಾಗಿ ತಗಲುವ ಹಣ, ಸಮಯ, ತಾಳ್ಮೆಗಳಲ್ಲಿ ಎಳ್ಳಷ್ಟೂ ಜಿಪುಣತನ ಮಾಡಬಾರದು ಎಂಬ ಒಂದೇ ಮಾತನ್ನು ಬಿಡಿಸಿ ಹೇಳಬೇಕೆನಿಸಿತು.

ಮೊದಲು ಆ ಮೀನಿನ ವಿಷಯ. ಹಳೆಯ ಕಾಲದ ದೊಡ್ಡ ಹಾಯಿಹಡಗಿನ ಹೆಸರನ್ನೇ ಹೊತ್ತ ಗಾಲ್ಯೂನ್ ದಕ್ಷಿಣ ಆಫ್ರಿಕಾದ ರಾಷ್ಟ್ರೀಯ ಮೀನು. ಅದಕ್ಕೆ ಆ ಗೌರವ ಸಲ್ಲಬೇಕೆಂದು ಸೂಚಿಸಿದವರು ಮತ್ಸ್ಯವಿಜ್ಞಾನಿ ಮಾರ್ಗರೆಟ್ ಸ್ಮಿತ್; ಸೀಲಕ್ಯಾಂತ್ ಮೀನನ್ನು ಗುರುತಿಸಿ ಜಗತ್ತಿಗೆ ಪರಿಚಯಿಸಿದ ಜೆ. ಎಲ್. ಬಿ. ಸ್ಮಿತ್ ಅವರ ಪತ್ನಿ. ಅಂಗೋಲಾದ ದಕ್ಷಿಣ ಭಾಗದಿಂದ ನಮೀಬಿಯಾ, ಕೇಪ್ ದಾಟಿ ದಕ್ಷಿಣ ಆಫ್ರಿಕಾದ ಪೂರ್ವ ದಡದವರೆಗಿನ ಕಡಲನ್ನು ಬಿಟ್ಟರೆ ಈ ಮೀನು ಲೋಕದಲ್ಲಿ ಬೇರೆಲ್ಲೂ ಇಲ್ಲ. ಆಳದ ಪ್ರಶಾಂತ ನೀರು ಅದಕ್ಕೆ ಒಗ್ಗದು. ಅಲೆ ಬಂದು ಬಂಡೆಗೆ ಅಪ್ಪಳಿಸಿ ನೊರೆಯಾಗುವ ಜಾಗ, ದಡಕ್ಕೆ ಅಂಟಿದಂತಿರುವ ನೀರೊಳಗಿನ ಬಂಡೆಸಾಲು, ಅದರ ನಡುವಿನ ಕೊರಕಲುಗಳೇ ಅದರ ಮನೆ. ದಪ್ಪ ಎದೆಯ, ಗಟ್ಟಿ ಬಾಲದ ಆ ಮೀನು ಮನುಷ್ಯ ನಿಲ್ಲಲಾರದ ಸೆಳೆತದಲ್ಲಿ ನಿಂತು, ಬಂಡೆಗೆ ಕಚ್ಚಿಕೊಂಡು ಬೆಳೆಯುವ ಪಚ್ಚಿಲೆ ಜಾತಿಯ ಚಿಪ್ಪುಗಳನ್ನೂ ಅಲ್ಲಿಯವರು ರೆಡ್‌ಬೇಟ್ ಎನ್ನುವ ಜೀವಿಯನ್ನೂ ಕಿತ್ತು ತಿನ್ನುತ್ತದೆ. ಬಂಡೆಗಳ ನಡುವೆ ಇದ್ದಾಗ ಕಪ್ಪಾಗಿಯೂ ಮರಳಿನ ಮೇಲೆ ಬಂದಾಗ ಬೆಳ್ಳಿಯಂತೆಯೂ ಕಾಣುವಷ್ಟು ಅದರ ಮೈಬಣ್ಣ ಜಾಗಕ್ಕೆ ತಕ್ಕಂತೆ ಬದಲಾಗುತ್ತದೆ. ಆ ನೀರನ್ನು ಅಷ್ಟು ಚೆನ್ನಾಗಿ ಅರಿತ ಜೀವಿ ಇನ್ನೊಂದಿರಲಾರದು ಎಂದು ನನಗನಿಸುತ್ತದೆ.

ಇದೇ ನೀರು ಹಡಗುಗಳ ಪಾಲಿಗೆ ಮೃತ್ಯುವಾಯಿತು. ಆಫ್ರಿಕಾದ ದಕ್ಷಿಣ ತುದಿಯಾದ ಅಗುಲಾಸ್ ಭೂಶಿರದಿಂದ ದಕ್ಷಿಣಕ್ಕೆ ಸುಮಾರು 250 ಕಿಲೋಮೀಟರಿನವರೆಗೂ ಕಡಲತಳ ಆಳವಿಲ್ಲದೆ ಚಾಚಿಕೊಂಡಿದೆ. ಹಿಂದೂ ಮಹಾಸಾಗರದಿಂದ ಬಿಸಿನೀರಿನ ಅಗುಲಾಸ್ ಪ್ರವಾಹ ನೈರುತ್ಯಕ್ಕೆ ವೇಗವಾಗಿ ಹರಿದು ಬರುತ್ತದೆ. ದಕ್ಷಿಣ ಸಾಗರದ ಬಿರುಗಾಳಿ ಎಬ್ಬಿಸಿದ ಅಲೆಗಳು ಅದಕ್ಕೆ ಎದುರಾಗಿ ಬರುತ್ತವೆ. ಪ್ರವಾಹಕ್ಕೆ ಎದುರು ಬಂದಾಗ ಅಲೆಯಿಂದ ಅಲೆಗೆ ಇರುವ ಅಂತರ ಕಿರಿದಾಗಿ, ಅಲೆ ಕಡಿದಾಗಿ, ಎತ್ತರವಾಗಿ ಏಳುತ್ತದೆ. ಪಶ್ಚಿಮದಲ್ಲಿ ನಮೀಬಿಯಾದ ಸ್ಕೆಲಿಟನ್ ಕರಾವಳಿಯ ಕಷ್ಟವೇ ಬೇರೆ: ಅಲ್ಲಿ ತಣ್ಣೀರಿನ ಬೆಂಗ್ವೆಲಾ ಪ್ರವಾಹ, ದಟ್ಟ ಮಂಜು, ದಡಕ್ಕೆ ಈಜಿ ಬದುಕಿದವನ ಮುಂದೆ ನೀರಿಲ್ಲದ ಮರುಭೂಮಿ. 1942ರ ನವೆಂಬರಿನಲ್ಲಿ ಡನಿಡಿನ್ ಸ್ಟಾರ್ ಎಂಬ ಹಡಗು ಅಲ್ಲಿ ದಡ ಹತ್ತಿದಾಗ ಅದರಲ್ಲಿದ್ದ ನೂರಕ್ಕೂ ಹೆಚ್ಚು ಮಂದಿಯೆಲ್ಲ ಬದುಕಿದರು, ಆದರೆ ಅವರನ್ನು ಉಳಿಸಲು ಹೋದ ಟಗ್ ಹಡಗು ತಾನೇ ಒಡೆದು ಇಬ್ಬರು ಪ್ರಾಣ ಬಿಟ್ಟರು.

ನೀನು ಹೋಗುತ್ತಿರುವ ಊರಿನ ಹೆಸರೇ ಒಂದು ಹಡಗಿನದು ಎಂಬುದು ನಿನಗೆ ಗೊತ್ತಿರಬಹುದು. ಆರ್ನಿಸ್ಟನ್ 1815ರಲ್ಲಿ ಸಿಂಹಳದ ಗಾಲೆಯಿಂದ ಗಾಯಾಳು ಸೈನಿಕರನ್ನೂ ಹೆಂಗಸರು ಮಕ್ಕಳನ್ನೂ ಹೊತ್ತು ಇಂಗ್ಲೆಂಡಿಗೆ ಹೊರಟಿತ್ತು. ಬಿರುಗಾಳಿಯಲ್ಲಿ ಜೊತೆಯ ಹಡಗುಗಳಿಂದ ಅದು ಬೇರೆಯಾಯಿತು. ಅದರಲ್ಲಿ ಕ್ರೊನೊಮೀಟರ್, ಅಂದರೆ ಕಡಲಿನಲ್ಲಿಯೂ ಸಮಯ ತಪ್ಪದ ಗಡಿಯಾರ, ಇರಲಿಲ್ಲ. ಕಪ್ತಾನನಿಗೆ ಅದನ್ನು ಕೊಳ್ಳುವ ಶಕ್ತಿ ಇರಲಿಲ್ಲ, ಮಾಲೀಕರು ಕೊಡಿಸಲು ಒಪ್ಪಲಿಲ್ಲ.

ಈ ಒಂದು ಗಡಿಯಾರದ ಬೆಲೆ ಏನೆಂಬುದನ್ನು ಹಡಗು ನಡೆಸಿದವನಾಗಿ ನಿನಗೆ ವಿವರಿಸಬೇಕು. ಮಧ್ಯಾಹ್ನದ ಸೂರ್ಯನ ಎತ್ತರವನ್ನು ಅಳೆದರೆ ಅಕ್ಷಾಂಶ ತಿಳಿಯುತ್ತದೆ. ರೇಖಾಂಶಕ್ಕೆ ಮಾತ್ರ ನಿಖರವಾದ ಸಮಯವೇ ಬೇಕು. ಭೂಮಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ತಿರುಗುತ್ತದೆ, ಆದ್ದರಿಂದ ಗಡಿಯಾರ ಹಿಡಿದಿಟ್ಟ ಊರಿನ ಸಮಯಕ್ಕೂ ಹಡಗಿರುವ ಜಾಗದ ಸಮಯಕ್ಕೂ ಇರುವ ಅಂತರವೇ ರೇಖಾಂಶವನ್ನು ಹೇಳುತ್ತದೆ. ಆ ಗಡಿಯಾರವಿಲ್ಲದ ಹಡಗಿನವರು ವೇಗ, ದಿಕ್ಕು, ಕಳೆದ ಗಂಟೆಗಳನ್ನು ಕೂಡಿಸಿ ಅಂದಾಜಿನಿಂದ ಮುಂದುವರಿಯಬೇಕಾಗಿತ್ತು, ಮತ್ತು ಗಾಳಿ ಹಾಗೂ ಪ್ರವಾಹಗಳು ಆ ಅಂದಾಜನ್ನು ದಿನದಿನಕ್ಕೆ ಕೆಡಿಸುತ್ತಿದ್ದವು. ಆರ್ನಿಸ್ಟನ್‌ನವರು ಕಂಡ ನೆಲವನ್ನು ಕೇಪ್‌ಟೌನ್ ಬಳಿಯ ಕೇಪ್ ಪಾಯಿಂಟ್ ಎಂದೇ ನಂಬಿ, ಅದನ್ನು ದಾಟಿದೆವೆಂದು ತಿಳಿದು ಸೇಂಟ್ ಹೆಲೆನಾ ದ್ವೀಪಕ್ಕೆಂದು ಉತ್ತರಕ್ಕೆ ಹೊರಳಿದರು. ಅವರಿನ್ನೂ ಅದಕ್ಕೂ ಪೂರ್ವದಲ್ಲಿರುವ ಅಗುಲಾಸ್ ಭೂಶಿರವನ್ನೇ ದಾಟಿರಲಿಲ್ಲ. ಅವರು ನಂಬಿದ ಜಾಗಕ್ಕೂ ಹಡಗು ಒಡೆದ ಜಾಗಕ್ಕೂ ರೇಖಾಂಶದಲ್ಲಿ ಎರಡು ಡಿಗ್ರಿಗಿಂತ ಕಡಿಮೆ ಅಂತರ. ಗಡಿಯಾರದ ಲೆಕ್ಕದಲ್ಲಿ ಎಂಟು ನಿಮಿಷವೂ ಇಲ್ಲ. ಮೇ 30ರಂದು ಹಡಗು ಬಂಡೆಸಾಲಿಗೆ ಬಡಿದು 372 ಮಂದಿ ಸತ್ತರು. ಬದುಕಿದವರು ಆರೇ ಜನ.

ಆ ಆರು ಜನರ ಮುಂದಿನ ಕಥೆಯನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ದಡ ಸೇರಿದ ಮೇಲೂ ಅವರು ತಾವು ಕೇಪ್ ಪಾಯಿಂಟಿನ ಪಶ್ಚಿಮಕ್ಕೆ ಇದ್ದೇವೆಂದೇ ನಂಬಿದ್ದರಿಂದ, ಕೇಪ್‌ಟೌನ್ ಸಿಗಬಹುದೆಂದು ಪೂರ್ವದ ದಿಕ್ಕಿಗೆ ನಾಲ್ಕೈದು ದಿನ ನಡೆದರು. ತಪ್ಪು ಅರಿವಾಗಿ ಹಡಗು ಒಡೆದ ಜಾಗಕ್ಕೇ ಮರಳಿ, ದಡಕ್ಕೆ ಬಂದು ಬಿದ್ದಿದ್ದ ಓಟ್‌ಹಿಟ್ಟಿನ ಪೀಪಾಯಿಯಿಂದ ಜೀವ ಹಿಡಿದುಕೊಂಡಿದ್ದವರನ್ನು ಒಬ್ಬ ರೈತನ ಮಗ ಜೂನ್ ತಿಂಗಳಲ್ಲಿ ಕಂಡು ಕಾಪಾಡಿದ. ಸಮುದ್ರದ ಮೇಲೆ ಹುಟ್ಟಿದ ತಪ್ಪು ನಂಬಿಕೆ ನೆಲಕ್ಕೆ ಬಂದ ಕೂಡಲೇ ಕಳಚಿ ಬೀಳಲಿಲ್ಲ, ನೋಡು. ಅವರ ಜೊತೆಯೇ ದಡದ ಮರಳಿನ ಮೇಲೂ ನಡೆದು ಬಂತು.

ಅದಕ್ಕೂ ಮೊದಲು, 1782ರ ಆಗಸ್ಟ್ 4ರಂದು, ಮದರಾಸಿನಿಂದ ಹೊರಟು ತ್ರಿಂಕೋಮಲಿಯ ಮೂಲಕ ಬಂದ ಗ್ರೋವನರ್ ಹಡಗು ದಕ್ಷಿಣ ಆಫ್ರಿಕಾದ ಪೂರ್ವ ಕರಾವಳಿಯ ಪೊಂಡೊಲ್ಯಾಂಡ್ ದಡಕ್ಕೆ ಅಪ್ಪಳಿಸಿತು. ಅಂದಿನ ನಕ್ಷೆಗಳು ಆ ಕರಾವಳಿಯನ್ನು ಅದು ಇರುವುದಕ್ಕಿಂತ ಪಶ್ಚಿಮಕ್ಕೆ ತೋರಿಸುತ್ತಿದ್ದವು, ಹೀಗಾಗಿ ನೆಲ ಇನ್ನೂ ಬಹುದೂರ ಎಂದೇ ಕಪ್ತಾನ ನಂಬಿದ್ದ. ನೂರಕ್ಕೂ ಹೆಚ್ಚು ಜನ ದಡ ಸೇರಿ ಕೇಪ್‌ನತ್ತ ನಡೆದು ಹೊರಟರೂ ಬದುಕಿ ಉಳಿದು ಕಾಲ್ನಡೆಯ ಕೊನೆ ಕಂಡವರು ಬೆರಳೆಣಿಕೆಯಷ್ಟೇ. ಆ ಹಡಗಿನಲ್ಲಿ ನಮ್ಮ ದೇಶದ ಲಸ್ಕರರೂ, ಅಂದರೆ ಹಡಗಿನ ಕೆಲಸದ ನಾವಿಕರೂ, ದುಡಿಯುತ್ತಿದ್ದರು. ಗ್ರಂಥಗಳಲ್ಲಿ ಅಧಿಕಾರಿಗಳ ಹೆಸರು ಎದ್ದು ಕಾಣುತ್ತದೆ, ಈ ಜನರ ವಿಷಯ ಹೆಚ್ಚಾಗಿ ಸಿಗುವುದಿಲ್ಲ. ಆದ್ದರಿಂದ ನೀನಾದರೂ ಆ ಕಡಲಿನ ಮುಂದೆ ನಿಂತಾಗ ಅವರನ್ನು ಒಮ್ಮೆ ನೆನೆದುಕೊ. ಇನ್ನು ಗಾನ್ಸ್‌ಬಾಯ್ ಹತ್ತಿರದ ಡೇಂಜರ್ ಪಾಯಿಂಟಿನಲ್ಲಿ 1852ರ ಫೆಬ್ರವರಿ 26ರ ಬೆಳಗಿನ ಜಾವ ಮುಳುಗಿದ ಬರ್ಕನ್‌ಹೆಡ್ ಹಡಗಿನ ಹೆಂಗಸರು ಮಕ್ಕಳು ದೋಣಿಯಲ್ಲಿ ಪಾರಾಗಲೆಂದು ಸೈನಿಕರು ಸಾಲು ಮುರಿಯದೆ ನಿಂತ ಕಥೆ ನಿನಗೆ ಅಲ್ಲಿ ಎಲ್ಲರೂ ಹೇಳುತ್ತಾರೆ. ಆ ಧೈರ್ಯಕ್ಕೆ ನಾನೂ ತಲೆಬಾಗುತ್ತೇನೆ. ಆದರೆ ಅವಸರದ ಪಯಣದಲ್ಲಿ ದಡಕ್ಕೆ ಅಷ್ಟು ಹತ್ತಿರವಾಗಿ ಹೋಗುತ್ತಿದ್ದ ಹಡಗು ನಕ್ಷೆಯಲ್ಲಿಲ್ಲದ ಬಂಡೆಗೆ ಬಡಿಯಿತು ಎಂಬುದನ್ನು ನೀನು ಮರೆಯಬೇಡ.

ಈಗ ಗಾಲ್ಯೂನಿಗೆ ಹಿಂತಿರುಗುತ್ತೇನೆ, ಏಕೆಂದರೆ ಜಾಗವನ್ನು ಅರಿಯಬೇಕೆಂಬ ನನ್ನ ಮಾತು ನಿನ್ನ ಜೀವಕ್ಕೆ ಎಷ್ಟು ಅನ್ವಯಿಸುತ್ತದೋ ಆ ಮೀನಿನ ಜೀವಕ್ಕೂ ಅಷ್ಟೇ ಅನ್ವಯಿಸುತ್ತದೆ. ಆರ್ನಿಸ್ಟನ್‌ಗೆ ಪೂರ್ವದಲ್ಲಿರುವ ಡಿ ಹೂಪ್ ಸಂರಕ್ಷಿತ ಕಡಲಿನಲ್ಲಿ ವಿಜ್ಞಾನಿಗಳು ಗಾಲ್ಯೂನ್‌ಗಳನ್ನು ಹಿಡಿದು, ಗುರುತುಪಟ್ಟಿ ಹಾಕಿ ಬಿಟ್ಟು, ಮತ್ತೆ ಎಲ್ಲಿ ಸಿಗುತ್ತವೆಂದು ವರ್ಷಗಟ್ಟಲೆ ನೋಡಿದರು. ಕೆಲವು ನೂರಾರು ಕಿಲೋಮೀಟರ್ ದೂರ ಹೋಗಿದ್ದವು. ಬಹುಪಾಲು ಮೀನುಗಳು ಬಿಟ್ಟ ಜಾಗದ ಆಸುಪಾಸಿನಲ್ಲೇ ಮತ್ತೆ ಸಿಕ್ಕವು. ಇದರ ಅರ್ಥವೇನೆಂದರೆ, ಒಂದು ಬಂಡೆಸಾಲಿನ ಮೀನುಗಳನ್ನು ನೀನೂ ನಿನ್ನ ಗೆಳೆಯರೂ ಹಿಡಿದು ಮುಗಿಸಿದರೆ, ಪಕ್ಕದ ಕೊಲ್ಲಿಯಿಂದ ಬೇರೆ ಮೀನುಗಳು ಬಂದು ಆ ಜಾಗವನ್ನು ಬೇಗ ತುಂಬುವುದಿಲ್ಲ. ಅದು ನಿಧಾನವಾಗಿ ಬೆಳೆಯುವ ಮೀನು ಬೇರೆ. ಇದರ ಇನ್ನೊಂದು ಮುಖವೂ ಡಿ ಹೂಪ್‌ನಲ್ಲೇ ಕಂಡುಬಂತು: 1980ರ ದಶಕದ ನಡುವೆ ಅಲ್ಲಿ ಮೀನುಗಾರಿಕೆ ನಿಂತ ಮೇಲೆ ಅಲೆಯ ಅಂಚಿನ ಮೀನುಗಳ ಸಂಖ್ಯೆ ಚೇತರಿಸಿಕೊಂಡಿತು. ಆ ಸಂರಕ್ಷಿತ ಪ್ರದೇಶದ ಗಡಿ ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ವಿಚಾರಿಸಿಕೊಂಡೇ ಹೋಗು. ಅದರೊಳಗೆ ಗಾಳ ಬೀಸಲೇಬಾರದು.

ಅಲ್ಲಿಯ ನಿಯಮಗಳು ಈ ಅರಿವಿನಿಂದಲೇ ಹುಟ್ಟಿದವು. ಅಕ್ಟೋಬರ್ 15ರಿಂದ ಫೆಬ್ರವರಿ ಕೊನೆಯ ದಿನದವರೆಗೆ ಗಾಲ್ಯೂನ್ ಹಿಡಿಯುವಂತಿಲ್ಲ, ಅದು ಮೊಟ್ಟೆಯಿಡುವ ಕಾಲ. ಈಗ ಜನವರಿ. ನಿನ್ನ ಗೆಳೆಯರು ಇದನ್ನು ಹೇಳಿಲ್ಲವಾದರೆ ನಾನು ಹೇಳುತ್ತಿದ್ದೇನೆ: ಈ ತಿಂಗಳು ಅದನ್ನು ಹಿಡಿಯಲು ಹೋಗಬೇಡ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯದೆ ದಕ್ಕೆಯಲ್ಲಿ ನಿಲ್ಲುವುದನ್ನು ನೋಡಿ ಬೆಳೆದ ಹುಡುಗ ನೀನು. ಹೊಟ್ಟೆಪಾಡಿಗೆ ಮೀನು ಹಿಡಿಯುವವರೇ ಎರಡು ತಿಂಗಳು ಕೈಕಟ್ಟಿ ಕೂರುವಾಗ, ಸಂತೋಷಕ್ಕೆ ಹಿಡಿಯುವವನು ಕಾಯಲಾರೆ ಎನ್ನಬಾರದು. ಅವಧಿ ತೆರೆದ ಮೇಲೂ ಒಬ್ಬನಿಗೆ ದಿನಕ್ಕೆ ಎರಡೇ ಮೀನು. 35 ಸೆಂಟಿಮೀಟರಿಗಿಂತ ಚಿಕ್ಕದನ್ನು ನೀರಿಗೆ ಬಿಡಬೇಕು. ಹೆಣ್ಣುಮೀನು ಸಂತಾನಕ್ಕೆ ಬರುವುದೇ ಹೆಚ್ಚುಕಡಿಮೆ ಆ ಉದ್ದಕ್ಕೆ. ಮಾರುವುದಂತೂ ಯಾರಿಗೂ ಸಲ್ಲದು. ಅಳತೆಪಟ್ಟಿಯನ್ನು ಚೀಲದಲ್ಲಿಟ್ಟುಕೊ, ಕಣ್ಣಳತೆಯನ್ನು ನಂಬಬೇಡ. ಮೀನನ್ನು ಬಿಡುವಾಗ ಒದ್ದೆ ಕೈಯಲ್ಲಿ ಹಿಡಿದು, ಬಿಸಿಬಂಡೆಯ ಮೇಲೆ ಹೊರಳಾಡಲು ಬಿಡದೆ, ಬೇಗನೆ ನೀರು ಮುಟ್ಟಿಸು. ಮೊದಲನೆಯ ಗಾಳ ಬೀಸುವ ಮುನ್ನವೇ ಪರವಾನಗಿ ತೆಗೆದುಕೊಂಡು, ಅದರ ಜೊತೆ ಕೊಡುವ ಆ ವರ್ಷದ ನಿಯಮಗಳನ್ನು ಪೂರ್ತಿ ಓದು.

ನಿನ್ನ ಜೀವದ ವಿಷಯಕ್ಕೆ ಬರುತ್ತೇನೆ. ಗಾಲ್ಯೂನ್ ಇರುವುದು ನೊರೆನೀರಿನಲ್ಲಿ, ಆದ್ದರಿಂದ ಅದನ್ನು ಹುಡುಕುವವನನ್ನು ಅದು ನೊರೆಯ ಅಂಚಿಗೇ ಕರೆಯುತ್ತದೆ. ಭರತ ಇಳಿತದ ಪಟ್ಟಿಯನ್ನು ನೋಡದೆ ಅಲ್ಲಿ ಬಂಡೆ ಹತ್ತಬೇಡ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ ಎಂಬುದು ನಿನಗೆ ಹೊಸತಲ್ಲ. ಆ ಊರಿಗೆ ಇರುವ ಇನ್ನೊಂದು ಹೆಸರು ವಾನ್‌ಹೈಸ್‌ಕ್ರಾನ್ಸ್. ಅಲ್ಲಿನ ದೊಡ್ಡ ಕಡಲಗುಹೆಯೊಳಗೆ ಹೋಗಲು ಇಳಿತದ ಹೊತ್ತಿನಲ್ಲಿ ಮಾತ್ರ ಸಾಧ್ಯ, ಮೈಮರೆತವನಿಗೆ ಹೊರಬರುವ ದಾರಿ ಮುಚ್ಚಿಹೋಗುತ್ತದೆ. ಬಂಡೆಯ ಮೇಲೆ ನಿಲ್ಲುವ ಮುನ್ನ ಹಿಂದೆ ಸರಿದು ನಿಂತು ಬಹಳ ಹೊತ್ತು ಅಲೆಗಳನ್ನು ನೋಡು, ಏಕೆಂದರೆ ದೊಡ್ಡ ಅಲೆಗಳು ಗುಂಪಾಗಿ, ನಡುವೆ ಬಿಡುವು ಕೊಟ್ಟು ಬರುತ್ತವೆ. ಆ ಬಿಡುವನ್ನೇ ಶಾಂತಿ ಎಂದು ನಂಬಿದವರು ಕೊಚ್ಚಿಹೋಗುತ್ತಾರೆ. ಬಂಡೆ ಒದ್ದೆಯಾಗಿದ್ದರೆ ಅಲ್ಲಿಗೆ ನೀರು ಬಂದಿದೆ ಎಂದೇ ಅರ್ಥ. ಒಬ್ಬನೇ ಹೋಗಬೇಡ, ಜೀವರಕ್ಷಕ ಜಾಕೆಟ್ ಧರಿಸು, ಕಡಲಿಗೆ ಬೆನ್ನು ತೋರಿಸಬೇಡ. ಜೊತೆಯವನು ನೀರಿಗೆ ಬಿದ್ದರೆ ಅವನ ಹಿಂದೆ ನೀನೂ ಹಾರಬೇಡ.

ಆ ದೇಶದ ದಡಗಳಲ್ಲಿ ಕಂಬಕ್ಕೆ ತೂಗುಹಾಕಿದ ಗುಲಾಬಿ ಬಣ್ಣದ ತೇಲುಸಾಧನಗಳನ್ನು ನೋಡುತ್ತೀಯೆ. ರಾಷ್ಟ್ರೀಯ ಕಡಲ ರಕ್ಷಣಾ ಸಂಸ್ಥೆ ಅವನ್ನು ಇರಿಸಿದೆ. 1966ರಲ್ಲಿ ಇದೇ ದಕ್ಷಿಣ ಕರಾವಳಿಯ ಸ್ಟಿಲ್‌ಬಾಯ್ ಬಳಿ ಬಿರುಗಾಳಿಗೆ ದೋಣಿಗಳು ಮುಳುಗಿ 17 ಮೀನುಗಾರರು ಸತ್ತರು. ಪ್ಯಾಟಿ ಪ್ರೈಸ್ ಎಂಬ ಮಹಿಳೆ ಪತ್ರಿಕೆಗಳಿಗೆ ಪತ್ರಗಳನ್ನು ಬರೆದು ಬರೆದು, ಸ್ವಯಂಸೇವಕರ ರಕ್ಷಣಾ ಪಡೆಯೊಂದು ಬೇಕೆಂದು ಒತ್ತಾಯಿಸಿದ ಫಲವಾಗಿ 1967ರಲ್ಲಿ ಆ ಸಂಸ್ಥೆ ಹುಟ್ಟಿತು. ಅವರ ತುರ್ತು ದೂರವಾಣಿ ಸಂಖ್ಯೆಯನ್ನು ನಿನ್ನ ಫೋನಿನಲ್ಲಿ ಇವತ್ತೇ ಸೇರಿಸಿಕೊ.

ಮಾರ್ಚ್ ಬರುವವರೆಗಿನ ಈ ವಾರಗಳು ನಿನಗೆ ಕಲಿಯುವ ಕಾಲವಾಗಲಿ. ಬ್ರೆಡಾಸ್‌ಡಾರ್ಪ್ ಊರಿನಲ್ಲಿ ಮುಳುಗಿದ ಹಡಗುಗಳ ವಸ್ತುಸಂಗ್ರಹಾಲಯವಿದೆ, ಒಂದು ದಿನ ಪೂರ್ತಿ ಅಲ್ಲಿ ಕಳೆ. 1849ರಲ್ಲಿ ದೀಪ ಹೊತ್ತಿದ ಅಗುಲಾಸ್ ದೀಪಸ್ತಂಭಕ್ಕೂ ಹೋಗು. ಗಾಳದ ಕೋಲನ್ನು ಮನೆಯಲ್ಲೇ ಬಿಟ್ಟು ಆರ್ನಿಸ್ಟನ್‌ನ ಕಸ್ಸೀಸ್‌ಬಾಯ್ ಎಂಬ ಹಳೆಯ ಮೀನುಗಾರರ ಕೇರಿಗೆ ಹೋಗಿ, ಹಿರಿಯರನ್ನು ಗೌರವದಿಂದ ಮಾತನಾಡಿಸಿ, ಯಾವ ಗಾಳಿಗೆ ಯಾವ ಬಂಡೆಯ ಮೇಲೆ ನಿಲ್ಲಬಾರದು ಎಂದು ಕೇಳು. ಅವರು ಹೇಳಿದ್ದನ್ನು ಬರೆದಿಟ್ಟುಕೊ, ಬಿಡುವಾದಾಗ ನನಗೂ ಬರೆದು ಕಳಿಸು. ನಾನು ಹಡಗಿನಿಂದ ಕಂಡ ಕರಾವಳಿಯನ್ನು ದಡದವರ ಮಾತಿನಲ್ಲಿ ತಿಳಿಯುವ ಆಸೆ ನನಗೆ ಇಂದಿಗೂ ಇದೆ. ನಿನ್ನ ತಂದೆಗೆ ವಾರಕ್ಕೊಮ್ಮೆಯಾದರೂ ಫೋನು ಮಾಡು, ಬಂಡೆಗೆ ಹೊರಡುವ ದಿನ ಎಲ್ಲಿಗೆ, ಯಾರೊಡನೆ, ಎಷ್ಟು ಹೊತ್ತಿಗೆ ಹಿಂತಿರುಗುತ್ತೀಯೆ ಎಂಬುದನ್ನು ಅಲ್ಲಿರುವ ಒಬ್ಬರಿಗೆ ತಪ್ಪದೆ ತಿಳಿಸಿ ಹೋಗು.

ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ