ಪುಸ್ತಕ ಪೂರ್ತಿ ಹಸಿರಾಯಿತು, ಸರ್‌ಗೆ ನಮಸ್ಕಾರ

ಕನ್ನಡ ವಿಕಿಸೋರ್ಸ್‌ನಲ್ಲಿ (ಹಳೆಯ ಪುಸ್ತಕಗಳ ಉಚಿತ ಆನ್‌ಲೈನ್ ಗ್ರಂಥಾಲಯ) ನಾವು ಕೈಗೆತ್ತಿಕೊಂಡಿದ್ದ ಹಳೆಯ ಪುಸ್ತಕದ ಕೊನೆಯ ಪುಟವೂ ಈ ವಾರ ಹಸಿರಾಯಿತು, ಅಂದರೆ ತಿದ್ದುವ ಕೆಲಸ ಪೂರ್ತಿ ಮುಗಿಯಿತು. ಲೇಖಕರು ತೀರಿಕೊಂಡು 60 ವರ್ಷ ದಾಟಿ ಹಕ್ಕುಸ್ವಾಮ್ಯ ಮುಗಿದಿದ್ದ ಪುಸ್ತಕ ಅದು. ಇನ್ನು ಯಾರು ಬೇಕಾದರೂ ಓದಬಹುದು, ಹುಡುಕಬಹುದು, ಇಳಿಸಿಕೊಳ್ಳಬಹುದು. ಈ ಖುಷಿಯಲ್ಲಿ ಒಬ್ಬರಿಗೆ ಎಲ್ಲರೆದುರು ಥ್ಯಾಂಕ್ಸ್ ಹೇಳಬೇಕು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಗಾಗಿ ಇಲ್ಲಿ ಬರೀ ‘ಸರ್’. ನಿವೃತ್ತ ಕನ್ನಡ ಮೇಷ್ಟ್ರು. ನಾನಿರುವುದು ಹೊಸಪೇಟೆಯಲ್ಲಿ, ಅವರು ಪುತ್ತೂರಿನ ಕಡೆ. ಒಬ್ಬರನ್ನೊಬ್ಬರು ಇನ್ನೂ ಕಣ್ಣಾರೆ ನೋಡಿಲ್ಲ.

ಈ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು. ಸ್ಕ್ಯಾನ್ ಮಾಡಿದ ಪುಟವನ್ನು ಓಸಿಆರ್ ಅನ್ನೋ ತಂತ್ರಾಂಶ ಓದಿ ಅಕ್ಷರಕ್ಕೆ ಇಳಿಸುತ್ತದೆ. ಆದರೆ ಒತ್ತಕ್ಷರ ನುಂಗುತ್ತದೆ, ‘ಪ’ ಇದ್ದಲ್ಲಿ ‘ಷ’ ಕೂರಿಸುತ್ತದೆ. ಒಬ್ಬರು ಮೂಲ ನೋಡಿಕೊಂಡು ತಿದ್ದಿದರೆ ಪುಟ ಹಳದಿ. ಇನ್ನೊಬ್ಬರು ಓದಿ ಒಪ್ಪಿದರೆ ಹಸಿರು. ಹಳದಿ ಮಾಡಿದವರೇ ಹಸಿರು ಮಾಡುವ ಹಾಗಿಲ್ಲ. ನಾನು ಎಷ್ಟೇ ತಿದ್ದಿದರೂ ಸರ್ ಓದದೆ ಪುಟ ಮುಗಿಯುತ್ತಿರಲಿಲ್ಲ.

ತಪ್ಪು ಕಂಡರೆ ಅವರೇ ಸುಮ್ನೆ ತಿದ್ದಿ ಮುಂದೆ ಹೋಗಬಹುದಿತ್ತು. ಅವರ ಸಮಯವೂ ಉಳಿಯುತ್ತಿತ್ತು. ಹಾಗೆ ಮಾಡಲಿಲ್ಲ. ‘ಮೂರನೇ ಪ್ಯಾರಾ ಇನ್ನೊಮ್ಮೆ ನೋಡಮ್ಮ’ ಅಂತ ಚರ್ಚೆ ಪುಟದಲ್ಲಿ ಬರೆದು ನನಗೇ ಬಿಡುತ್ತಿದ್ದರು. ಒಂದು ಸಲ ‘ಈ ಪುಟದಲ್ಲಿ ಗಂಗೆ ಅಂತ ಹುಡುಕಿ ನೋಡು’ ಎಂದರು. ಪದ ಕಣ್ಣೆದುರೇ ಇದೆ, ಹುಡುಕಿದರೆ ಸಿಗುತ್ತಿಲ್ಲ! ಬಹಳ ಹೊತ್ತು ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಓಸಿಆರ್ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ ಹಾಕಿತ್ತು. ನೋಡೋಕೆ ಎರಡೂ ಒಂದೇ ಥರ, ಕಂಪ್ಯೂಟರಿಗೆ ಬೇರೆ ಬೇರೆ. ಆಮೇಲಿಂದ ಯಾವ ಪುಟ ತೆರೆದರೂ ನಾನು ಮೊದಲು ಹುಡುಕುವುದು ಆ ಸೊನ್ನೆಯನ್ನೇ.

ವಾರವಿಡೀ ಬಂದ ಅನುಮಾನಗಳನ್ನು ಪುಟಸಂಖ್ಯೆ ಸಮೇತ ಬರೆದಿಟ್ಟು ಭಾನುವಾರ ಸಂಜೆ ಫೋನಿನಲ್ಲಿ ಕೇಳಬೇಕು ಅನ್ನೋದು ನಮ್ಮ ಒಪ್ಪಂದ. ಬರೆಯುವಾಗಲೇ ಎಷ್ಟೋ ಅನುಮಾನ ತಾನಾಗಿ ಬಗೆಹರಿಯುತ್ತಿತ್ತು. ಹೊತ್ತಲ್ಲದ ಹೊತ್ತಲ್ಲಿ ಮೆಸೇಜ್ ಇಲ್ಲ, ಉತ್ತರ ಬರಲಿಲ್ಲ ಅನ್ನೋ ಬೇಜಾರೂ ಇಲ್ಲ. ದೂರದಿಂದ ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಪದ್ಧತಿ ನನಗಂತೂ ಗೊತ್ತಿಲ್ಲ. ಕೋಷ್ಟಕಗಳನ್ನು ಹೇಗೆ ಜೋಡಿಸಬೇಕು ಅನ್ನೋದರಲ್ಲಿ ನಮಗೆ ಜೋರು ವಾದವೇ ಆಯಿತು. ಕೊನೆಗೆ ‘ನೀನು ಹೇಳಿದ್ದೇ ಸರಿ, ನಂಗೂ ಕಲಿಸು’ ಅಂದರು. ಆ ವಯಸ್ಸಿನ ಮೇಷ್ಟ್ರು ಹೀಗನ್ನೋದು ದೊಡ್ಡ ಮಾತು, ಅಲ್ವಾ?

ಭಾನುವಾರ ಸಂಜೆಯ ಅಡುಗೆ ಪೂರ್ತಿ ತಾವೇ ವಹಿಸಿಕೊಂಡ ನಮ್ಮ ಅತ್ತೆಗೂ ಇಲ್ಲೇ ಥ್ಯಾಂಕ್ಸ್.

ಸರ್, ಮುಂದಿನ ಪುಸ್ತಕಕ್ಕೆ ಹೊಸಬರಿಬ್ಬರು ಸೇರಿದ್ದಾರೆ. ಅವರ ಹಳದಿ ಪುಟಗಳನ್ನು ಸದ್ಯಕ್ಕೆ ನಾನೇ ಓದುತ್ತೇನೆ, ಚರ್ಚೆ ಪುಟದಲ್ಲೇ ಬರೆದು ತಿಳಿಸುತ್ತೇನೆ. ನೀವು ಮೊದಲು ಕಣ್ಣಿನ ಆಪರೇಷನ್ ಮುಗಿಸಿಕೊಳ್ಳಿ. ಡಾಕ್ಟರ್ ಸರಿ ಅನ್ನುವವರೆಗೆ ಸ್ಕ್ರೀನ್ ಮುಂದೆ ಕೂರಬೇಡಿ. ಭಾನುವಾರದ ಫೋನು ಮಾತ್ರ ತಪ್ಪಿಸುವುದಿಲ್ಲ.