ಬುಖೆನ್‌ವಾಲ್ಡ್‌ಗೆ ಹೋಗಿಬಂದ ಮೇಲೆ ಅಪ್ಪನಿಗೆ

ಯೇನಾ, ಜರ್ಮನಿ

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ಭಾನುವಾರ ಫೋನಿನಲ್ಲಿ ನನ್ನ ದನಿ ಕೇಳಿ "ಯಾಕೆ ಪುಟ್ಟಿ, ಹುಷಾರಿಲ್ವಾ?" ಅಂದಿರಿ. ಮೈಗೇನೂ ಆಗಿಲ್ಲ. ಹಿಂದಿನ ದಿನ, ಹಿಟ್ಲರನ ನಾತ್ಸಿಗಳ ಸೆರೆ ಶಿಬಿರವಿದ್ದ ಬುಖೆನ್‌ವಾಲ್ಡ್‌ಗೆ ಹೋಗಿದ್ದೆ. ಆಗ ಹೇಳಲು ಬಾಯಿ ಬರಲಿಲ್ಲ.

ಜರ್ಮನ್ ಕವಿ ಗಯಟೆ ಬಾಳಿದ ವೈಮಾರ್ ಊರಿನಿಂದ ಸಿಟಿ ಬಸ್ಸಿನಲ್ಲೇ ಹೋಗಬಹುದು. ಅಷ್ಟು ಹತ್ತಿರ. 1937ರಿಂದ 1945ರವರೆಗೆ ನಾತ್ಸಿಗಳು ಆ ಗುಡ್ಡದ ಮೇಲೆ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಕೂಡಿಹಾಕಿದ್ದರು. ಸುಮಾರು 56,000 ಜನ ಸತ್ತರು.

ಈ ಶಿಬಿರದಿಂದ ಬದುಕಿ ಬಂದ ಯಹೂದಿ ಲೇಖಕ ಎಲೀ ವೀಸೆಲ್ ತನ್ನ ಅನುಭವವನ್ನೇ ಬರೆದ 'ರಾತ್ರಿ' ಪುಸ್ತಕ ಓದಿಕೊಂಡೇ ಹೋಗಿದ್ದೆ. ಕತ್ತಲೆ ಅಂದರೆ ಕೇಡು, ಬೆಳಕು ಅಂದರೆ ಒಳ್ಳೆಯದು ಅಂತ ತಾನೇ ನಾವು ಬೆಳೆದದ್ದು? ಅಜ್ಜಿ "ದೀಪ ಆರಿಸು" ಅಂತ ಬಾಯಿತಪ್ಪಿಯೂ ಅನ್ನುತ್ತಿರಲಿಲ್ಲ, "ದೊಡ್ಡದು ಮಾಡು" ಅನ್ನುತ್ತಿದ್ದರು. ಅದೇ ಮನಸ್ಸಿನಿಂದ ಓದತೊಡಗಿದೆ, ಅಪ್ಪ. ಆದರೆ 1944ರಲ್ಲಿ ಹದಿನೈದರ ಹುಡುಗ ವೀಸೆಲ್‌ನನ್ನು ಹೊತ್ತ ರೈಲಿನಲ್ಲಿ, ದನ ಸಾಗಿಸುವ ಡಬ್ಬಿಯೊಳಗೆ, ಒಬ್ಬ ಹೆಂಗಸು ರಾತ್ರಿ ಚೀರುತ್ತಾಳೆ: ಬೆಂಕಿ, ಬೆಂಕಿ! ಎಲ್ಲರೂ ಇಣುಕಿ ನೋಡುತ್ತಾರೆ. ಹೊರಗೆ ಬರೀ ಕತ್ತಲೆ. ಅದನ್ನು ಕಂಡೇ ಅವರಿಗೆ ಸಮಾಧಾನ! ಅವಳ ಬಾಯಿಗೆ ಬಟ್ಟೆ ತುರುಕುತ್ತಾರೆ, ಹೊಡೆಯುತ್ತಾರೆ. ಕೊನೆಗೆ ಜನರನ್ನು ಕೊಂದು ಸುಡುತ್ತಿದ್ದ ಆಶ್‌ವಿಟ್ಸ್ ಶಿಬಿರ ಬಂದಾಗ ಚಿಮಣಿಯಿಂದ ಉರಿ ಏಳುತ್ತಿರುತ್ತದೆ. ಆ ಹೊತ್ತಿನಲ್ಲಿ ಕಾಣುವ ಬೆಳಕು ಅದೊಂದೇ.

ಪೌಲ್ ಸೆಲಾನ್ ಅನ್ನುವ ಕವಿಯ ಅಪ್ಪ ಅಮ್ಮ ಇಬ್ಬರೂ ನಾತ್ಸಿಗಳ ಶಿಬಿರದಲ್ಲೇ ತೀರಿಕೊಂಡರು. ಆತ "ಮುಂಜಾವಿನ ಕರಿ ಹಾಲು" ಅಂತ ಬರೆದ, ಅದೂ ಅಮ್ಮ ಕಲಿಸಿದ ಜರ್ಮನ್‌ನಲ್ಲಿ, ಕೊಂದವರ ಭಾಷೆಯೂ ಆಗಿದ್ದ ಜರ್ಮನ್‌ನಲ್ಲಿ. ಹಾಲೇ ಕಪ್ಪಾದ ಮೇಲೆ ಬೆಳಗಾಗಿ ಏನು ಬಂತು? ಇವರ ಬರಹದಲ್ಲಿ ಕತ್ತಲೆ ಹೊತ್ತು ಹುಟ್ಟಿದರೆ ಕಳೆಯುವಂಥದ್ದಲ್ಲ, ಹಗಲಿನೊಳಕ್ಕೂ ಇಳಿದುಬಿಟ್ಟಿದೆ. ನನಗಂತೂ ಹಾಗೇ ಅನ್ನಿಸುತ್ತದೆ.

ವೀಸೆಲ್‌ನ ಅಪ್ಪ ತೀರಿಕೊಂಡದ್ದು ಈ ಬುಖೆನ್‌ವಾಲ್ಡ್‌ನಲ್ಲೇ, 1945ರ ಜನವರಿಯಲ್ಲಿ, ಇಬ್ಬರನ್ನೂ ಆಶ್‌ವಿಟ್ಸ್‌ನಿಂದ ಇಲ್ಲಿಗೆ ತಂದ ಮೇಲೆ. ಮಗ ಮೇಲಿನ ಅಟ್ಟಣೆಯಲ್ಲಿ, ಅಪ್ಪ ಕೆಳಗೆ. ಅಪ್ಪ ಮಗನ ಹೆಸರು ಹಿಡಿದು ಕರೆಯುತ್ತಾರೆ. ಕಾವಲಿನವನು ಹೊಡೆಯುತ್ತಾನೆ. ಹೆದರಿದ ಮಗ ಓಗೊಡುವುದಿಲ್ಲ. ಬೆಳಕು ಹರಿದು ನೋಡಿದರೆ ಅಪ್ಪನ ಜಾಗದಲ್ಲಿ ಬೇರೊಬ್ಬ ರೋಗಿ ಮಲಗಿದ್ದಾನೆ. ಅಪ್ಪ, ಆ ಪುಟ ದಾಟಲು ನನಗೆ ಎರಡು ದಿನ ಬೇಕಾಯಿತು. ಅಜ್ಜ ಹೋದ ರಾತ್ರಿ ನೀವು ಅವರ ಕೈ ಹಿಡಿದು ಬೆಳಗಿನವರೆಗೂ ಕೂತಿದ್ದಿರಲ್ಲ, ಅದೇ ಕಣ್ಣಮುಂದೆ ಬರುತ್ತಿತ್ತು.

ಕೈದಿಗಳನ್ನು ನಿಲ್ಲಿಸಿ ತಲೆಯೆಣಿಸುತ್ತಿದ್ದ ಬಯಲು ಈಗ ಖಾಲಿ. ಅಲ್ಲಿ ನೆಲಕ್ಕೆ ಸಮವಾಗಿ ಒಂದು ಲೋಹದ ಹಲಗೆ ಕೂರಿಸಿದ್ದಾರೆ. ಇಲ್ಲಿಗೆ ತಂದವರು ಯಾವ ಯಾವ ನಾಡಿನವರು ಅಂತ ಕೆತ್ತಿದೆ. ವರ್ಷವಿಡೀ ಅದನ್ನು 37 ಡಿಗ್ರಿಯಲ್ಲಿ, ಮನುಷ್ಯನ ಮೈಯಷ್ಟೇ ಬೆಚ್ಚಗೆ ಇಟ್ಟಿರುತ್ತಾರೆ. ಸುತ್ತ ಹಿಮ, ಅದರ ಮೇಲೆ ಮಾತ್ರ ಒಂದು ಚೂರೂ ಇಲ್ಲ. ಕೈಗವಸು ತೆಗೆದು ಅಂಗೈ ಊರಿದೆ. ಜ್ವರ ಇಳಿದವರ ಹಣೆ ಮುಟ್ಟಿದ ಹಾಗಿತ್ತು. ನಾಲ್ಕೂವರೆಗೆಲ್ಲ ಮಬ್ಬು ಕವಿಯತೊಡಗಿತು. ಬಸ್ಸಿನ ಹೊತ್ತಾಗುವವರೆಗೂ ಕೈ ತೆಗೆಯಲಿಲ್ಲ.

ಅಮ್ಮನಿಗೆ ಇದನ್ನು ನೀವೇ ಓದಿ ಹೇಳಿ.

ನಿಮ್ಮ ಮಗಳು